ನಾಳೆ ನಾ ಕೇಳಿದ್ರ ಕೊಡಬ್ಯಾಡ್ರಿ

ನೆನಪು ಕುಂದುತ್ತಿರುವುದನ್ನು ಮನುಷ್ಯ ತಾನಾಗಿ ಅರಿಯುವುದಿಲ್ಲ, ಸುತ್ತಲಿನವರೇ ಅದನ್ನು ಮೊದಲು ಗುರುತಿಸುತ್ತಾರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪತಿಯ ಸೋದರತ್ತೆಯವರ ವಿಷಯದಲ್ಲಿ ಹಾಗಾಗಲಿಲ್ಲ. ಅವರು ಅದನ್ನು ನಮ್ಮೆಲ್ಲರಿಗಿಂತ ಮೊದಲು ಕಂಡುಕೊಂಡರು. ಕಂಡುಕೊಂಡು, ಸಾಕಷ್ಟು ಕಾಲ ನಮ್ಮಿಂದ ಮುಚ್ಚಿಟ್ಟರು.

ನಾಗಪುರವು ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕೊನೆಯ ವರ್ಷಗಳವು. ಅಂಚೆಯ ಲೆಕ್ಕಪತ್ರ ಕಚೇರಿಗೆ ಪತಿಗೆ ವರ್ಗವಾದಾಗ, ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಕೆಲಸ ಬಿಟ್ಟು ಅವರ ಜೊತೆ ಬಂದೆ. ಧಂತೋಲಿಯಲ್ಲಿದ್ದ ಅತ್ತೆಯವರ ಮನೆಯ ಮೇಲಂತಸ್ತಿನಲ್ಲಿ ನಮ್ಮ ಬಿಡಾರ. ಅತ್ತೆಯವರ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೆ ಆ ಮನೆಯನ್ನು ಕಟ್ಟಿಸಿ, ಅದರಲ್ಲಿ ಹೆಚ್ಚು ಕಾಲ ಬದುಕದೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಟ್ಟು, ಮುಂಭಾಗದಲ್ಲಿ ಅತ್ತೆ ತಮ್ಮ ಅಡುಗೆ ತಾವೇ ಮಾಡಿಕೊಂಡು ಇರುತ್ತಿದ್ದರು. ಎಪ್ಪತ್ತು ದಾಟಿದ್ದರೂ ನಡಿಗೆ ಚುರುಕಾಗಿತ್ತು, ದನಿ ಗಟ್ಟಿಯಾಗಿತ್ತು, ನಗು ಅದಕ್ಕಿಂತ ಗಟ್ಟಿಯಾಗಿತ್ತು.

ಅವರು ಮರೆವನ್ನು ಮುಚ್ಚಿಡಲು ಬಳಸಿದ ಸಾಧನ ಅವರ ಸೌಜನ್ಯವೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಬಾಗಿಲಿಗೆ ಬಂದವರು ಯಾರೆಂದು ಹೊಳೆಯದಿದ್ದಾಗ, “ಬರ್ರಿ, ಬರ್ರಿ! ನೂರು ವರ್ಷ ಆಯುಷ್ಯ ನಿಮಗ, ಈಗಷ್ಟ ನೆನಸಿದ್ದೆ” ಎನ್ನುತ್ತಿದ್ದರು. “ಮನ್ಯಾಗ ಎಲ್ಲಾರೂ ಆರಾಮ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಬಂದವರು ಕೊಡುವ ಉತ್ತರದಿಂದ ಅವರು ಯಾರೆಂಬುದನ್ನು ಹೆಕ್ಕಿಕೊಂಡು ಮಾತು ಮುಂದುವರಿಸುತ್ತಿದ್ದರು. ಇಷ್ಟು ಆದರಿಸುವ ಹೆಂಗಸು ನಾಗಪುರದಲ್ಲಿ ಇನ್ನೊಬ್ಬರಿಲ್ಲ ಎಂದು ನಮ್ಮ ಕನ್ನಡ ಮಂದಿ ಹೊಗಳುತ್ತಿದ್ದರು. ಆದರವೇನೋ ನಿಜವೇ ಆಗಿತ್ತು. ಅದರ ಕೆಳಗೆ ಒಂದು ಭಯವೂ ಇತ್ತು.

ಆ ಭಯ ಹೊರಬಿದ್ದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ನಾನು ನೀರು ಚಿಮುಕಿಸುತ್ತಿದ್ದೆ. ಪತಿ ಕಚೇರಿಯಿಂದ ಬೇಗ ಬಂದು ಅತ್ತೆಯ ಪಡಸಾಲೆಯಲ್ಲಿ ಕುಳಿತರು. ಅತ್ತೆ ಮಾವಿನಕಾಯಿ ಪಾನಕದ ಲೋಟವನ್ನು ಅವರ ಕೈಗಿತ್ತು ಕೇಳಿದರು: “ನಿಮ್ಮವ್ವ ಹೆಂಗದಾಳೋ? ಮೊಣಕಾಲ ಬ್ಯಾನಿ ಕಡಿಮಿ ಆತೇನು?”

ನನ್ನ ಅತ್ತೆ, ಎಂದರೆ ಪತಿಯ ತಾಯಿ, ತೀರಿಹೋಗಿ ವರ್ಷಗಳೇ ಆಗಿದ್ದವು. ಅವರ ದೇಹಕ್ಕೆ ಸ್ನಾನ ಮಾಡಿಸಿ ಕೊನೆಯ ಸೀರೆ ಉಡಿಸಿದವರು ಈ ಅತ್ತೆಯೇ. ಪತಿ ಒಂದು ಗಳಿಗೆ ಲೋಟವನ್ನು ನೋಡಿದರು. ಅನಂತರ ಮೆಲ್ಲಗೆ, “ಆರಾಮ ಅದಾಳ, ಅತ್ತಿ” ಎಂದರು.

ಅತ್ತೆ ಅಡುಗೆಮನೆಯತ್ತ ಹೆಜ್ಜೆಯಿಟ್ಟವರು ಹೊಸ್ತಿಲಲ್ಲೇ ನಿಂತುಬಿಟ್ಟರು. ತಿರುಗಿದಾಗ ಅವರ ಮುಖದಲ್ಲಿ ಕೋಪವಿತ್ತು.

“ಯಾಕ ಸುಳ್ಳ ಹೇಳಿದಿ?”

ಪತಿ ಲೋಟವನ್ನು ಕೆಳಗಿಟ್ಟರು.

“ನಿಮ್ಮವ್ವ ಸತ್ತಾಳ. ನಾನ ಸೀರಿ ಉಡಿಸೀನಿ. ಹಂಗ ಸುಳ್ಳ ಹೇಳಿ ನನ್ನ ಸಮಾಧಾನ ಮಾಡೂ ಹೊತ್ತು ಬರತೈತಿ, ಬರೂದು ನನಗ ಗೊತ್ತೈತಿ. ಆಗ ಹೇಳು. ಇನ್ನೂ ಬಂದಿಲ್ಲ.”

ಅಂದು ಸಂಜೆ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ತಮಗೇನಾಗುತ್ತಿದೆ ಎಂಬುದನ್ನು ತಾವೇ ಹೇಳಿದರು. ಹೆಸರುಗಳು ಮೊದಲು ಹೋಗುತ್ತಿದ್ದವು. ಆಮೇಲೆ, ಯಾವುದು ನಿನ್ನೆಯದು ಯಾವುದು ಹಳೆಯದು ಎಂಬ ವಿಂಗಡಣೆ. ಅವರು ಅಳಲಿಲ್ಲ. ಬಾಗಲಕೋಟೆಯಲ್ಲಿದ್ದ ತಮ್ಮ ಅಕ್ಕನ ಕಥೆಯನ್ನಷ್ಟೇ ಹೇಳಿದರು. ಅಕ್ಕನಿಗೂ ಇದೇ ರೀತಿ ಬುದ್ಧಿ ಮಂಕಾಗಿತ್ತಂತೆ. ಆಕೆಯ ಮೈದುನರು ಬಂದು, ಕೈಗೊಂದು ಬಾಳೆಹಣ್ಣು ಕೊಟ್ಟು, ಇನ್ನೊಂದು ಕೈಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಂಡು ಹೋದರಂತೆ. ಆಕೆ ಸತ್ತದ್ದು ಪರರ ಕಟ್ಟೆಯ ಮೇಲೆ.

“ತಲಿ ಹೋದರೂ ಹೆಬ್ಬಟ್ಟು ಎಲ್ಲೂ ಹೋಗೂದಿಲ್ಲ” ಎಂದರು ಅತ್ತೆ. “ನಾ ಸಾಯೂತನಾ ಈ ಮನ್ಯಾಗ ಇರಬೇಕು. ನನ್ನ ಹೆಬ್ಬಟ್ಟು ಹಿಡಿದು ಯಾರೂ ನನ್ನ ಹೊರಗ ಹಾಕಬಾರದು. ತಲಿ ಇದ್ದಾಗ ಅದಕ್ಕೊಂದು ಬಂದೋಬಸ್ತ್ ಮಾಡ್ರಿ. ಜಲ್ದಿ ಮಾಡ್ರಿ.”

ಬಂದೋಬಸ್ತಿನ ಮೊದಲ ಸಲಹೆ ಬಂದದ್ದು ನಾಗಪುರದ ಹತ್ತಿರದ ಸಾವನೇರಿನಿಂದ. ಅತ್ತೆಯ ಯಜಮಾನರ ಅಣ್ಣನ ಮಗ ಅಲ್ಲಿ ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದರು. ದೊಡ್ಡ ದೇಹ, ದೊಡ್ಡ ಮೀಸೆ; ನಾಗಪುರಕ್ಕೆ ಬಂದಾಗಲೆಲ್ಲ ಒಂದು ಬುಟ್ಟಿ ಸಂತ್ರಾ ಹಣ್ಣು. ಮರಾಠಿ ಸೀಮೆಯಲ್ಲೇ ಬೆಳೆದ ಅವರ ಕನ್ನಡದಲ್ಲಿ ಎರಡು ಮಾತಿಗೊಂದು ಮರಾಠಿ ಬೆರೆಯುತ್ತಿತ್ತು. ವಿಷಯ ತಿಳಿದು ಓಡಿಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು:

“ಕಾಕೂ, ಇಷ್ಟಕ್ಕ ಏನ ಕಾಳಜಿ? ನನ್ನ ಹೆಸರಿಗೆ ಒಂದ ಮುಖತ್ಯಾರ ಪತ್ರ ಬರದ ಕೊಡ್ರಿ. ಝಾಲಂ, ಮುಗೀತು! ನಿಮ್ಮ ಬದಲಿ ನಾ ಸಹಿ ಮಾಡ್ತೀನಿ, ನೀವು ಆರಾಮಶೀರ ಸಂತ್ರಾ ತಿನ್ಕೋತ ಕುಂದರ್ರಿ.”

“ಸಂತ್ರಾ ಹುಳಿ ಇರ್ತಾವ ನೀ ತರೂವು” ಎಂದರು ಅತ್ತೆ.

“ಆ ತಕರಾರು ಗಿಡಕ್ಕ ಹೇಳ್ರಿ.”

ಮುಖತ್ಯಾರ ಪತ್ರವೆಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವುದು. ರೈಲ್ವೆ, ಅಂಚೆ, ಬ್ಯಾಂಕು ಎಂದು ಊರೂರು ಅಲೆಯುವ ನಮ್ಮಂಥ ಕುಟುಂಬಗಳಲ್ಲಿ ಅದು ಅತ್ಯಂತ ಪರಿಚಿತವಾದ ಕಾಗದ. ಊರಿನ ಹೊಲಕ್ಕೆ ತಮ್ಮನಿಗೊಂದು, ಮನೆಗೆ ಭಾವನಿಗೊಂದು ಎಂದು ಎಲ್ಲರ ಪೆಟ್ಟಿಗೆಯಲ್ಲೂ ಅದು ಇರುತ್ತಿತ್ತು. ದೂರ ಇರುವವನಿಗೆ ಒದಗುವ ಕಾಗದ ಬುದ್ಧಿ ಹೋದವನಿಗೂ ಒದಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ನನ್ನ ಪತಿಯೂ, ಸರ್ಕಾರದ ಲೆಕ್ಕವನ್ನು ಎರಡೆರಡು ಬಾರಿ ಸರಿನೋಡುವ ಅವರೂ, ಸಾವನೇರಿನವರ ಮಾತಿಗೆ ತಲೆದೂಗಿದರು. ಕರಡನ್ನು ಬರೆಯಿಸಲೆಂದೇ ನಾವೆಲ್ಲರೂ ಮಹಾಲ್ ಭಾಗದಲ್ಲಿದ್ದ ವಕೀಲರಲ್ಲಿಗೆ ಹೋದೆವು.

ವಕೀಲರು ವಯಸ್ಸಾದ ಮರಾಠಿ ಗೃಹಸ್ಥರು, ಅತ್ತೆಯ ಯಜಮಾನರನ್ನು ಬಲ್ಲವರು. ಅವರು ನಮ್ಮೊಡನೆ ಆಡಿದ್ದು ಮರಾಠಿಯಲ್ಲಿ. ನಾನದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಾವನೇರಿನವರು ಹೇಳಿದ್ದನ್ನೆಲ್ಲ ಕೇಳಿ ಅವರು ಅತ್ತೆಯತ್ತ ತಿರುಗಿದರು.

“ಅಜ್ಜೀ, ಸಂಕ್ರಾಂತಿಯಲ್ಲಿ ಈ ಊರ ಮಾಳಿಗೆಗಳ ಮೇಲೆ ಗಾಳಿಪಟ ನೋಡಿದ್ದೀರಲ್ಲ? ದಾರ ಹಿಡಿದವನ ಕೈಯಲ್ಲಿ ಇರುವವರೆಗೆ ಅದು ಅವನ ಪಟ. ಕಡಿದುಹೋದ ಪಟ ಯಾರದು?”

“ಹಿಡಕೊಂಡವರದು” ಎಂದರು ಅತ್ತೆ.

“ಮುಖತ್ಯಾರ ಪತ್ರವೂ ಹಾಗೆಯೇ. ಬರೆದುಕೊಟ್ಟವರ ಬುದ್ಧಿ ಅದರ ದಾರ. ಬುದ್ಧಿ ಹೋದ ದಿನ ಕಾನೂನಿನ ಲೆಕ್ಕದಲ್ಲಿ ಆ ಪತ್ರವೂ ಸತ್ತಿತು. ಆಮೇಲೆ ಅದನ್ನು ತೋರಿಸಿ ಯಾರಾದರೂ ಸಹಿ ಮಾಡಿದರೆ, ಅದು ಕಡಿದ ಪಟದ ಆಟ.”

ಸಾವನೇರಿನವರು ಮೀಸೆ ಸವರಿಕೊಂಡರು. “ಅಂದ್ರ ಬೇಕಾದಾಗನ ಅದು ಇರೂದಿಲ್ಲ!”

ಹಾಗಾದರೆ ಬುದ್ಧಿ ಹೋದವರ ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು? ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಎಂದರು ವಕೀಲರು. ಹುಚ್ಚರ ಕಾಯಿದೆಯೆಂದು ಒಂದಿದೆ. ನ್ಯಾಯಾಧೀಶರು ವಿಚಾರಣೆ ನಡೆಸುತ್ತಾರೆ. ಈಕೆಗೆ ಬುದ್ಧಿಯಿಲ್ಲವೆಂದು ಮನೆಯವರು ಸಾಕ್ಷಿ ನುಡಿಯಬೇಕು, ವೈದ್ಯರು ನುಡಿಯಬೇಕು. ನಿಜವೆಂದು ಸಿದ್ಧವಾದರೆ ನ್ಯಾಯಾಲಯವೇ ಒಬ್ಬ ವ್ಯವಸ್ಥಾಪಕನನ್ನು ನೇಮಿಸುತ್ತದೆ. ಅವನು ಯಾರಾಗಬೇಕೆಂದು ಹೇಳಲು ಆಗ ಅತ್ತೆಗೆ ಬಾಯಿರುವುದಿಲ್ಲ.

“ಕೋರ್ಟಿನಾಗ ನಿಂತು ಇವರು ನನ್ನ ಹುಚ್ಚಿ ಅನ್ನಬೇಕು” ಎಂದು ಅತ್ತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಮನ್ಯಾಗ ಅಂದ್ರ ನಡೀತೈತಿ.”

ಯಾರೂ ನಗಲಿಲ್ಲ, ಅವರೊಬ್ಬರೇ ನಕ್ಕರು.

ಉಳಿದದ್ದು ಮೂರನೆಯ ದಾರಿ. ಬುದ್ಧಿ ಇರುವಾಗಲೇ ಮನೆಯನ್ನು ಒಂದು ಟ್ರಸ್ಟಿಗೆ ಬರೆದುಬಿಡುವುದು. ಅಂದಿನಿಂದ ಮನೆಯ ಮಾಲಕರು ಟ್ರಸ್ಟಿಗಳು. ಆದರೆ ಅವರು ಅದನ್ನು ಅತ್ತೆಯ ಹಿತಕ್ಕಾಗಿ, ಅತ್ತೆ ಬರೆದಿಟ್ಟ ಕಟ್ಟಳೆಗಳಂತೆ ಮಾತ್ರ ನಡೆಸಬೇಕು. ಅವರು ಬದುಕಿರುವ ತನಕ ಮಾರುವಂತಿಲ್ಲ, ಅಡವಿಡುವಂತಿಲ್ಲ. ಹಿಂಭಾಗದ ಬಾಡಿಗೆ ಅವರ ಊಟ, ಔಷಧ, ನೋಡಿಕೊಳ್ಳುವವರ ಸಂಬಳಕ್ಕೆ ಮೀಸಲು. ಅವರ ಕಾಲಾನಂತರ ಮನೆ ನನ್ನ ಪತಿಗೂ ಸಾವನೇರಿನವರಿಗೂ ಸಮಪಾಲು. ಈ ದಾರಿಯ ಬೆಲೆಯನ್ನೂ ವಕೀಲರು ಮುಚ್ಚಿಡಲಿಲ್ಲ. ಒಮ್ಮೆ ಬರೆದ ಮೇಲೆ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅತ್ತೆಗೂ ಇರುವುದಿಲ್ಲ. ಆ ಅಧಿಕಾರವನ್ನು ಉಳಿಸಿಕೊಂಡರೆ, ನಾಳೆ ಯಾರಾದರೂ ಅವರ ಹೆಬ್ಬೆಟ್ಟು ಹಿಡಿದು ಅದನ್ನೂ ಬಳಸಿಕೊಂಡಾರು.

“ನಿಮ್ಮ ಮನೆ ಇಂದಿನಿಂದ ನಿಮ್ಮದಲ್ಲ. ಒಪ್ಪುತ್ತೀರಾ?” ಎಂದು ವಕೀಲರು ಕೇಳಿದರು. ಅತ್ತೆ ಕೂಡಲೇ ಹೂಂ ಅನ್ನಲಿಲ್ಲ. ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಎಂದರು. ಹಾಗೆಂದದ್ದು ನನಗೆ ಮೆಚ್ಚಿಗೆಯಾಯಿತು. ಬೇರೆಯವರು ಬರೆದುಕೊಟ್ಟ ಉತ್ತರಕ್ಕೆ ತಲೆಯಾಡಿಸುವವರು ಸಮಯ ಕೇಳುವುದಿಲ್ಲ.

ಮರುದಿನ ಅವರು ಮನೆಯ ಒಂದೊಂದು ಕೋಣೆಯಲ್ಲೂ ಸ್ವಲ್ಪ ಹೊತ್ತು ಕುಳಿತು ಎದ್ದರು. ನಾನು ನೋಡಿದೆ, ಕೇಳಲಿಲ್ಲ. ಸಂಜೆ ತಾವೇ ಮೆಟ್ಟಿಲ ಬುಡದಿಂದ ನನ್ನನ್ನು ಕರೆದು, “ಬರಸ್ರಿ” ಎಂದರು.

ಟ್ರಸ್ಟಿಗಳು ಯಾರೆಂಬ ಪ್ರಶ್ನೆಗೆ ಸಾವನೇರಿನವರೂ ನನ್ನ ಪತಿಯೂ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅತ್ತೆ ಒಪ್ಪಲಿಲ್ಲ.

“ಇಬ್ಬರು ಗಂಡಸರು ಒಂದ ಕಪ್ ಚಹಾದಾಗ ರಾಜಿ ಆಗ್ತಾರ. ಇಕಿನ್ನೂ ಹಾಕ್ರಿ. ಇಕಿ ಮಾಸ್ತರಿಣಿ, ಸುಮ್ಮಸುಮ್ಮನ ಯಾರಿಗೂ ಪಾಸ್ ಮಾಡೂದಿಲ್ಲ. ಮೂರೂ ಮಂದಿ ಸಹಿ ಇಲ್ಲದ ಒಂದ ಇಟ್ಟಂಗಿ ಸೈತ ಅಲಗಬಾರದು.”

ಸಾವನೇರಿನವರಿಗೆ ನೋವಾಯಿತು. “ಕಾಕೂ, ನನ್ನ ಮ್ಯಾಲ ಭರವಸಾ ಇಲ್ಲೇನು?”

“ನನ್ನ ಮ್ಯಾಲ ನನಗ ಭರವಸಾ ಇಲ್ಲ. ನಿನಗ ಯಾಕ ಬೇರೆ ನ್ಯಾಯ? ಕುಂದರು, ಥಾಲಿಪೀಠ ಆರಾಕತ್ತೈತಿ.”

ವಕೀಲರ ಮರಾಠಿ ಕರಡನ್ನು ಅತ್ತೆಗೆ ತಿಳಿಯುವಂತೆ ಕನ್ನಡಕ್ಕೆ ತಿರುಗಿಸುವ ಹೊಣೆ ನನ್ನ ಮೇಲೆ ಬಿತ್ತು. ಅವರ ಒಂದು ವಾಕ್ಯ ಹಾಳೆಯ ನೆತ್ತಿಯಲ್ಲಿ ಹುಟ್ಟಿ ಬುಡದಲ್ಲೂ ಮುಗಿಯುತ್ತಿರಲಿಲ್ಲ. ನಾನದನ್ನು ಒಡೆದು, ಪ್ರತಿಯೊಂದು ವಾಕ್ಯಕ್ಕೂ ಒಬ್ಬನೇ ಕರ್ತೃ, ಒಂದೇ ಕ್ರಿಯೆ ಬರುವಂತೆ ಕಟ್ಟಿ, ಓದಿ ಹೇಳಿದೆ. ಅತ್ತೆ ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ, “ಭಾಳ ಛಲೋ ಐತಿ. ಸಾಲ್ಯಾಗ ಪಾಠಾ ಕೇಳಿದಂಗಾತು. ಆದ್ರ ನಾ ಹೇಳಿದ್ದು ಇದರಾಗ ಎಲ್ಲೈತಿ?” ಎಂದರು.

“ಎಲ್ಲಾ ಐತಿ ಅತ್ತಿ. ‘ಬರೆದುಕೊಟ್ಟವರಿಗೆ ಈ ಪತ್ರವನ್ನು ರದ್ದುಪಡಿಸುವ ಅಧಿಕಾರವಿರತಕ್ಕದ್ದಲ್ಲ’ ಅಂತ ಐತಲ್ಲ.”

“ಅದು ವಕೀಲಂದು. ನನ್ನದು ಹಿಂಗ ಬರಿ: ನಾಳೆ ನಾ ಕೇಳಿದ್ರ ಕೊಡಬ್ಯಾಡ್ರಿ. ಅತ್ತು ಕೇಳಿದ್ರೂ ಕೊಡಬ್ಯಾಡ್ರಿ. ಬೈದು ಕೇಳಿದ್ರೂ ಕೊಡಬ್ಯಾಡ್ರಿ. ಆದ್ರ ನನಗ ತಿರಿಗಿ ಬೈಬ್ಯಾಡ್ರಿ.”

ಕೊನೆಯ ಮಾತು ಕಾನೂನಿನ ಕಾಗದದಲ್ಲಿ ನಿಲ್ಲದು ಎಂದು ವಕೀಲರು ತಕರಾರು ಮಾಡಿದರು. ಅದಿಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ವಕೀಲರು ನಿಟ್ಟುಸಿರಿಟ್ಟು, ಟ್ರಸ್ಟಿಗಳು ಆಕೆಯೊಡನೆ ಸದಾ ಮೃದುವಾಗಿ ನಡೆದುಕೊಳ್ಳಬೇಕು ಎಂದು ಅದನ್ನು ಮರಾಠಿಯಲ್ಲಿ ಸೇರಿಸಿಕೊಂಡರು.

ನೋಂದಣಿ ಕಚೇರಿಗೆ ಹೋದ ದಿನ ಅತ್ತೆ ಬಿಳಿಯ ಸೀರೆಗೆ ಗಂಜಿ ಹಾಕಿ ಉಟ್ಟಿದ್ದರು. ರಜಿಸ್ಟ್ರಾರರು ಜಬಲ್ಪುರದ ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದ ಹಿಂದಿ ಗೃಹಸ್ಥರು, ಎಳೆ ವಯಸ್ಸು, ಸಭ್ಯರು. ಕಾಗದ ಬರೆದುಕೊಡುವವರ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ತೋರಿದರೆ ನೋಂದಣಿಯನ್ನು ನಿರಾಕರಿಸುವ ಅಧಿಕಾರ ಅವರಿಗಿತ್ತು; ವಕೀಲರು ನಮಗದನ್ನು ಮೊದಲೇ ತಿಳಿಸಿದ್ದರು. ನಾವು ಮೂವರೂ ಟ್ರಸ್ಟಿಗಳಾದ್ದರಿಂದ ಅತ್ತೆಯ ಪರವಾಗಿ ಬಾಯಿಬಿಡಬಾರದೆಂದೂ ಹೇಳಿದ್ದರು. ರೈಲ್ವೆ ಕ್ವಾರ್ಟರ್ಸುಗಳಲ್ಲಿ ಆಯುಷ್ಯ ಕಳೆದ ಅತ್ತೆಗೆ ಹಿಂದಿ ಬರುತ್ತಿತ್ತು. ಅವರು ಅಲ್ಲಿ ಆ ಹಿಂದಿಯಲ್ಲೇ ಉತ್ತರಿಸಿದರೂ, ನನ್ನ ಕಿವಿಯಲ್ಲಿ ಉಳಿದಿರುವುದು ಅವರ ಮನೆಮಾತಿನ ಧಾಟಿ, ಹಾಗೆಯೇ ಬರೆಯುತ್ತೇನೆ.

ರಜಿಸ್ಟ್ರಾರರು ಅವರ ಹೆಸರು ಕೇಳಿದರು, ಅತ್ತೆ ಹೇಳಿದರು. ಊರು, ಓಣಿ ಕೇಳಿದರು, ಹೇಳಿದರು.

“ಮಾತಾಜಿ, ನಿಮ್ಮ ಪತಿಯ ಹೆಸರು?”

ಅತ್ತೆ ಸುಮ್ಮನಾದರು.

ರಜಿಸ್ಟ್ರಾರರು ಮತ್ತೆ ಕೇಳಿದರು. ಅತ್ತೆ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ನೆಲ ನೋಡಿದರು. ರಜಿಸ್ಟ್ರಾರರು ಲೇಖನಿಯನ್ನು ಕೆಳಗಿಟ್ಟರು. “ಮಾತಾಜಿಗೆ ನೆನಪಿಲ್ಲ” ಎಂದು ವಕೀಲರಿಗೆ ತಗ್ಗಿದ ದನಿಯಲ್ಲಿ ಹೇಳಿದರು.

“ನೆನಪಿಲ್ಲದೆ ಅಲ್ಲ ಸಾಹೇಬ, ಅದು ಪದ್ಧತಿ” ಎಂದರು ವಕೀಲರು. “ಈ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ.”

“ನಮ್ಮ ಕಡೆಯೂ ಆಡುವುದಿಲ್ಲ. ಆದರೆ ಇವರು ಆಡಲೊಲ್ಲರೋ, ಇವರಿಗೆ ಗೊತ್ತೇ ಇಲ್ಲವೋ, ನಾನು ಹೇಗೆ ತಿಳಿಯಲಿ? ಸಿವಿಲ್ ಸರ್ಜನರಿಂದ ಸರ್ಟಿಫಿಕೇಟ್ ತನ್ನಿ. ಬರುವ ತಿಂಗಳು ನೋಡೋಣ.”

ಬರುವ ತಿಂಗಳು! ಅತ್ತೆಗೆ ವಾರಕ್ಕೊಂದು ಹೊಸ ಸಂಗತಿ ಕಳೆದುಹೋಗುತ್ತಿತ್ತು. ಅಂದಿನ ಅವರು ಬರುವ ತಿಂಗಳು ಇರುತ್ತಾರೆಂದು ನಮ್ಮಲ್ಲಿ ಯಾರೂ ಮಾತು ಕೊಡುವಂತಿರಲಿಲ್ಲ.

ಬಾಯಿಬಿಡಬಾರದೆಂಬ ಎಚ್ಚರಿಕೆಯನ್ನು ಮರೆತು ಸಾವನೇರಿನವರು ಮುಂದೆ ಬಂದರು. “ಕಾಕೂ, ಹಂಗ ಹೇಳಬ್ಯಾಡ್ರಿ, ಒಡಪಿನಾಗ ಹೇಳ್ರಿ! ಅದಕ್ಕೇನ ಅಡ್ಡಿ ಇಲ್ಲ.”

ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲುಗಳ ಕೊನೆಯಲ್ಲಿ ಹೆಣೆದು ಹೇಳುತ್ತಾರೆ, ಅದೇ ಒಡಪು. ಪದ್ಯದಲ್ಲಿ ಬಂದ ಹೆಸರು ಆಡಿದಂತೆ ಲೆಕ್ಕವಲ್ಲ. ಅತ್ತೆ ಸೊಸೆಯಾಗಿ ಬಂದ ಹೊಸತರಲ್ಲಿ ತಾವೇ ಕಟ್ಟಿದ ಒಂದು ಒಡಪು ಇಡೀ ಬಳಗಕ್ಕೆ ಬಾಯಿಪಾಠವಾಗಿತ್ತು. ಯಜಮಾನರು ಹೋದ ಮೇಲೆ ಅವರು ಅದನ್ನು ಹೇಳಿರಲಿಲ್ಲ, ವಿಧವೆಯರು ಹೇಳುವುದಿಲ್ಲ. ಆ ಕಚೇರಿಯಲ್ಲಿ, ಸ್ಟಾಂಪು ಕಾಗದ ಹಿಡಿದು ಕಾದಿದ್ದ ಅಪರಿಚಿತರ ನಡುವೆ, ಅತ್ತೆ ತಲೆಯೆತ್ತಿ, ಸಣ್ಣ ದನಿಯಲ್ಲಿ ಆರಂಭಿಸಿದರು:

“ಕೆಂಪು ದೀಪ ಕಂಡರ ಗಾಡಿ ನಿಂತಾವ,
ಹಸರು ದೀಪ ಕಂಡರ ಗಾಡಿ ಹೊಂಟಾವ,
ಎರಡೂ ದೀಪ ಕೈಯಾಗ ಹಿಡಿದವರು ನಮ್ಮ—”

ಅಲ್ಲಿ ನಿಂತರು.

ಹೆಸರು ಬರಬೇಕಾದ ಜಾಗಕ್ಕೆ ಎಲ್ಲರೂ ಕಿವಿಗೊಟ್ಟಿದ್ದರು. ಅತ್ತೆ ನನ್ನನ್ನು ನೋಡಿದರು. ಪರೀಕ್ಷೆಯ ಕೋಣೆಯಲ್ಲಿ ಅಂಥ ನೋಟವನ್ನು ನಾನು ಎಷ್ಟೋ ಹುಡುಗಿಯರ ಕಣ್ಣಲ್ಲಿ ಕಂಡಿದ್ದೆ. ಅದರ ಅರ್ಥ ನನಗೆ ಗೊತ್ತಿತ್ತು. ಪದ್ಧತಿ ಅವರನ್ನು ತಡೆದಿರಲಿಲ್ಲ. ಪದ್ಧತಿಯ ಹಿಂದೆ ಅವರು ಅಡಗಿದ್ದರು. ಆ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿಕೊಟ್ಟರೆ ಕಾಗದ ಕೆಡುತ್ತಿತ್ತು. ನಾನು ಅವರ ಕಣ್ಣನ್ನಷ್ಟೇ ಹಿಡಿದುಕೊಂಡು ನಿಂತೆ.

ವಕೀಲರು ಆಗಲೇ ಅವರನ್ನು ಉಳಿಸಲು ಹೊರಟಿದ್ದರು. “ನೋಡಿದಿರಾ ಸಾಹೇಬ, ವಿಧವೆ, ಸಂಕೋಚ—”

“ಸಂಕೋಚ ಅಲ್ಲ” ಎಂದರು ಅತ್ತೆ.

ಸೆರಗನ್ನು ಹಿಂದಕ್ಕೆ ಸರಿಸಿದರು. “ಸಾಹೇಬರ, ಹೆಸರು ಹೋಗೈತಿ. ಮುಂಜಾನಿ ಇತ್ತು, ಈಗಿಲ್ಲ. ಅದಕ್ಕ ಇಲ್ಲಿಗೆ ಬಂದೀನಿ. ಹೆಸರು ಇರೂತನಕ ನನಗ ನಿಮ್ಮ ಕಚೇರಿ ಯಾಕ ಬೇಕಾಗಿತ್ತು?”

ಸಾವನೇರಿನವರು ಹಣೆಗೆ ಕೈ ಹಚ್ಚಿಕೊಂಡರು. ನನ್ನ ಪತಿ ಕಿಟಕಿಯತ್ತ ತಿರುಗಿದರು. ಎಲ್ಲ ಮುಗಿಯಿತೆಂದೇ ನಾನೂ ಎಣಿಸಿದೆ.

ರಜಿಸ್ಟ್ರಾರರು ಮಾತ್ರ ಲೇಖನಿಯನ್ನು ಮುಟ್ಟಲಿಲ್ಲ. ಕಾಗದವನ್ನು ಮಡಿಸಲೂ ಇಲ್ಲ. ಸ್ವಲ್ಪ ಮುಂದಕ್ಕೆ ಬಾಗಿ, “ಈ ಕಾಗದದಲ್ಲಿ ಏನು ಬರೆದಿದೆ, ಮಾತಾಜಿ?” ಎಂದು ಕೇಳಿದರು.

“ಮನಿ ಬರದಿದ್ದೈತಿ. ಇವತ್ತಿನಿಂದ ಮನಿ ಈ ಮೂರೂ ಮಂದೀದು. ನಾ ಸಾಯೂತನಾ ಅದರಾಗ ಇರತೀನಿ. ಸತ್ತ ಮ್ಯಾಲ ಈ ಇಬ್ಬರು ಹುಡುಗರಿಗೆ ಬರೋಬರ್ ಪಾಲು.”

“ನಾಳೆ ನಿಮಗೆ ಮನೆ ಮಾರಬೇಕೆನಿಸಿದರೆ?”

“ಅನಸತೈತಿ. ನಮ್ಮಕ್ಕಗೂ ಅನಸಿತ್ತು, ಒಂದ ಬಾಳಿಹಣ್ಣಿಗೆ. ನಾಳೆ ನಾ ಕೇಳಿದ್ರ ಕೊಡಬ್ಯಾಡ್ರಿ ಅಂತ ಇವತ್ತ ಹೇಳಾಕ ಬಂದೀನಿ.”

“ನಿಮಗೇ ಹಿಂತಿರುಗಿಸಿ ಕೊಡುವುದಿಲ್ಲವಲ್ಲ, ಅದು ಗೊತ್ತೆ?”

“ನನಗ ಕೊಡಬಾರದಂತನ ಇಷ್ಟ ಖಟಪಟಿ.”

ವಕೀಲರು ಒಂದೇ ಮಾತು ಹೇಳಿದರು. ಮನುಷ್ಯನಿಗೆ ಎಷ್ಟು ನೆನಪಿದೆ ಎಂದು ಕಾನೂನು ಕೇಳುವುದಿಲ್ಲ. ತಾನು ಈಗ ಏನು ಮಾಡುತ್ತಿದ್ದೇನೆ, ಅದರಿಂದ ಏನಾಗುತ್ತದೆ ಎಂಬುದು ತಿಳಿದಿದೆಯೇ ಎಂದಷ್ಟೇ ಕೇಳುತ್ತದೆ. ರಜಿಸ್ಟ್ರಾರರು ಅದಕ್ಕೆ ಉತ್ತರ ಕೊಡದೆ ಬರೆಯತೊಡಗಿದರು. ಅತ್ತೆ ಕನ್ನಡದಲ್ಲಿ ಸಹಿ ಮಾಡಿದರು. ಗುಮಾಸ್ತ ನಿಯಮದಂತೆ ಹೆಬ್ಬೆಟ್ಟನ್ನೂ ಕೇಳಿದಾಗ ಅವರು ಅವನನ್ನು ಕೈ ಹಿಡಿಯಗೊಡಲಿಲ್ಲ. ತಾವೇ ಮಸಿಗೆ ಅದ್ದಿ, ತಾವೇ ಒತ್ತಿದರು.

ಹಿಂದಿರುಗುವಾಗ ಟಾಂಗಾ ಸೀತಾಬರ್ಡಿಯ ಗದ್ದಲವನ್ನು ದಾಟುತ್ತಿದ್ದಂತೆ ಅತ್ತೆ ನನ್ನ ಮೊಣಕೈ ತಿವಿದರು.

“ಬಂತು.”

“ಏನ ಬಂತು ಅತ್ತಿ?”

“ಅವರ ಹೆಸರು.”

“ಹೇಳ್ರಿ, ಕೇಳೋಣು.”

“ಹುಚ್ಚಿ! ಗಂಡನ ಹೆಸರು ಯಾರರ ಬಾಯಿಬಿಟ್ಟು ಹೇಳ್ತಾರೇನು?” ಎಂದು ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅದು ನಿಜವಾಗಿ ಬಂದಿತ್ತೋ ಇಲ್ಲವೋ ನಾನು ಕೆದಕಲಿಲ್ಲ.

ಆಮೇಲಿನ ಇಳಿಜಾರು ಒಮ್ಮೆಲೇ ಬರಲಿಲ್ಲ. ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತು. ಕಚೇರಿಗಳು, ಅಧಿಕಾರಿಗಳು ಬದಲಾದರು. ಅತ್ತೆ ಮೊದಲು ಒಲೆಯನ್ನು ಬಿಟ್ಟರು, ಆಮೇಲೆ ಬೀದಿಯನ್ನು, ಆಮೇಲೆ ನಮ್ಮ ಸಂಬಂಧಗಳನ್ನು. ಬಾಡಿಗೆಯ ಹಣದಿಂದ ಒಬ್ಬ ವಿಧವೆಯನ್ನು ಅವರ ಜೊತೆಗೆ ಇರಿಸಿದೆವು. ಸಾವನೇರಿನವರು ಭಾನುವಾರ ತಪ್ಪಿಸಲಿಲ್ಲ. ಅತ್ತೆ ಅವರನ್ನು ಒಂದು ವಾರ ತಮ್ಮನೆಂದೂ, ಒಂದು ವಾರ ಟಿಕೆಟ್ ಪರಿಶೀಲಿಸುವವನೆಂದೂ ಕರೆದರು. ಎರಡನೆಯದಾದ ದಿನ ಅವರು ಜೇಬಿನಿಂದ ಯಾವುದೋ ಚೀಟಿ ತೆಗೆದು ತೋರಿಸಿ, “ಟಿಕೀಟ್ ಐತ್ರೀ ಬಾಯಿ” ಎನ್ನುತ್ತಿದ್ದರು.

ಆ ಕಾಗದದ ನಿಜವಾದ ಭಾರವನ್ನು ನಾವು ಹೊತ್ತದ್ದು ಒಂದು ಚಳಿಗಾಲದಲ್ಲಿ. ಅತ್ತೆಯನ್ನು ಜಗಲಿಯಲ್ಲಿ ಬಿಸಿಲಿಗೆ ಕೂರಿಸಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗೃಹಸ್ಥನಿಗೆ ಅವರು “ಬರ್ರಿ, ಬರ್ರಿ” ಎಂದರಂತೆ. ಆತ ಬಂದು ಕುಳಿತು, ಮನೆ ಚೆನ್ನಾಗಿದೆ ಎಂದನಂತೆ. ಬೇಕಾದರೆ ತಗೊಳ್ರಿ ಎಂದು ಇವರು ವೀಳ್ಯದೆಲೆ ಕೊಟ್ಟರಂತೆ. ಭಾನುವಾರ ಆತ ಸ್ಟಾಂಪು ಕಾಗದವನ್ನೂ ಮಸಿಯ ಡಬ್ಬಿಯನ್ನೂ ಹಿಡಿದು ಬಂದ. ಅಜ್ಜಿ ಒಪ್ಪಿದ್ದಾರೆ, ನಿಮ್ಮದೇನು ತಕರಾರು ಎಂದು ನಮ್ಮನ್ನೇ ಕೇಳಿದ. ಟ್ರಸ್ಟ್ ಪತ್ರವನ್ನು ಓದಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದ.

ಆತನನ್ನು ಕಳಿಸುವುದು ಸುಲಭವಾಗಿತ್ತು. ಅತ್ತೆಯನ್ನು ಒಪ್ಪಿಸುವುದು ಆಗಲಿಲ್ಲ.

“ನನ್ನ ಮನಿ ನನಗ ಕೊಡ್ರಿ! ಮಾರಿ ಬಾಗಲಕೋಟಿಗೆ ಹೋಗ್ತೀನಿ. ಅಲ್ಲಿ ನಮ್ಮಕ್ಕ ಒಬ್ಬಾಕೀ ಅದಾಳ, ಕಾಯಾಕತ್ತಾಳ. ನೀವೆಲ್ಲಾ ಕಳ್ಳರು! ನನ್ನ ಮನಿ ಕಸಗೊಂಡೀರಿ!”

ಅವರು ಅತ್ತರು. ಬೈದರು. ನನ್ನ ಪತಿಯ ತೋಳು ಹಿಡಿದು, ಮಗು ತಾಯಿಯನ್ನು ಬೇಡುವಂತೆ ಬೇಡಿದರು. ಅವರು ಮುಂದಾಗಿ ಬರೆಯಿಸಿದ್ದೆಲ್ಲ ಒಂದೊಂದಾಗಿ ನಡೆಯುತ್ತಿತ್ತು. ಆದರೂ ಅದನ್ನು ನಿಂತು ನೋಡುವುದು ಹೇಗೆಂದು ಯಾವ ಕಟ್ಟಳೆಯೂ ಹೇಳಿರಲಿಲ್ಲ. ಸಾವನೇರಿನವರ ಮೀಸೆ ಅದುರುತ್ತಿತ್ತು. “ವಹಿನಿ, ಒಂದ ಸುಳ್ಳ ಕಾಗದಕ್ಕ ಸಹಿ ಮಾಡಿಸಿ ಸಮಾಧಾನ ಮಾಡೋಣೇನು?” ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಯಾರೊಬ್ಬರೂ ಅವರಿಗೆ ತಿರುಗಿ ಬೈಯಲಿಲ್ಲ. ನಾವು ಮಾಡಿದ್ದು ಅಷ್ಟೇ.

ಮರುದಿನ ಬೆಳಗ್ಗೆ ನಾನು ಕೆಳಗಿಳಿದಾಗ ಅತ್ತೆ ತಮ್ಮ ಹಾಸಿಗೆಯನ್ನು ಸುತ್ತಿ, ಅದರ ಮೇಲೆ ಕೈಯಿಟ್ಟುಕೊಂಡು, ರೈಲಿಗೆ ಕಾದವರಂತೆ ಕುಳಿತಿದ್ದರು. ಹಿಂದಿನ ದಿನದ ಕೋಪ ಎಲ್ಲೂ ಇರಲಿಲ್ಲ. ನನ್ನನ್ನು ಕಂಡು ಬಹಳ ಮರ್ಯಾದೆಯಿಂದ ಮಾತಾಡಿದರು.

“ಬಾಯಾರ, ಈ ಮನಿ ಭಾಳ ಛಲೋ ಐತ್ರಿ. ಗಾಳಿ ಬೆಳಕು ಎಲ್ಲಾ ಐತಿ. ಮಾಲಕರು ಯಾರು?”

ನಿಮ್ಮದೇ ಮನೆ ಎನ್ನುವ ಮಾತು ನನ್ನ ಬಾಯಿಗೆ ಬಂತು. ಅಲ್ಲಿಯೇ ನಿಂತಿತು. ಕಾನೂನಿನ ಪ್ರಕಾರ ಅವರ ಪ್ರಶ್ನೆಯೇ ಸರಿಯಾಗಿತ್ತು. ಮಾಲಕರಲ್ಲಿ ಒಬ್ಬಳು ಅವರ ಎದುರಿಗೆ ನಿಂತಿದ್ದಳು.

“ನಾನ ರೀ” ಎಂದೆ.

“ನೀವ ಏನು!” ಎಂದು ಅವರು ಹಾಸಿಗೆಯ ಸುರುಳಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನನಗೆ ಕೂರಲು ಜಾಗ ಮಾಡಿಕೊಟ್ಟರು. “ಹಂಗಾರ ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇನ್ನೊಂದ ನಾಕ ದಿನ ನಾ ಇಲ್ಲೇ ಇರಲೇನು?”

“ಇರ್ರಿ” ಎಂದೆ. “ನೀವು ಎಷ್ಟ ದಿನ ಬೇಕಾದ್ರೂ ಇರಬಹುದು. ಹಂಗಂತ ಬರದು ಕೊಟ್ಟೀವಿ.”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ ನೋಡಿದರು. ಆಮೇಲೆ ಎದ್ದು, ಸುತ್ತಿದ ಹಾಸಿಗೆಯನ್ನು ಗೋಡೆಯ ಪಕ್ಕದ ತಮ್ಮ ಜಾಗದಲ್ಲಿ ಮತ್ತೆ ಬಿಡಿಸತೊಡಗಿದರು. ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.